ಕರ್ನಲ್ ಕಾಯ್ದ ಬಯಲು

ಅವನು ಸೈನ್ಯಕ್ಕೆ ಸೇರಿದವನೇ ಅಲ್ಲ. ಹಳೆಯ ರಣಭೂಮಿಯ ದಿಬ್ಬದ ಮೇಲೆ ನಿಂತು ಪ್ರವಾಸಿಗರಿಗೆ ಯುದ್ಧದ ಕಥೆ ಹೇಳುವ ಗೈಡ್. ಅವನು ಕೈಯೆತ್ತಿ ತೋರಿಸಿದರೆ ಕುದುರೆಗಳೇ ಓಡಿಬಂದಂತಾಗುತ್ತದೆ ಎಂದು ಊರವರು ಕರ್ನಲ್ ಎಂದು ಕರೆದರು; ಅವನೂ ಬೇಡ ಎನ್ನಲಿಲ್ಲ.

ಬಯಲಿನಂಚಿನಲ್ಲಿ ಹತ್ತು ಮಹಡಿಯ ಹೋಟೆಲು ಏಳುತ್ತದೆಂದು ಗೊತ್ತಾದಾಗ ಕರ್ನಲ್ ಸುಮ್ಮನೆ ಕೂರಲಿಲ್ಲ. ಶತ್ರುಗಳು ನುಗ್ಗಿಬಂದ ಇಳಿಜಾರಿಗೇ ಹೋಟೆಲು ಅಡ್ಡ ನಿಂತರೆ ಅವನು ತೋರಿಸುವುದೇನನ್ನು, ಗೋಡೆಯನ್ನೇ? ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ. ಹೋಟೆಲಿನವರು ಗಂಟುಮೂಟೆ ಕಟ್ಟಿದರು. ಬಯಲಿನ ನೋಟ ಕೆಡದಂತೆ ಸುತ್ತ ಯಾರೂ ಮಹಡಿ ಎತ್ತಬಾರದೆಂದು ನಿಯಮವೂ ಬಂತು. ಯಾವ ಯಾವ ಬೀದಿಗಳೆಂದು ಅಧಿಕಾರಿಗಳು ಅವನನ್ನೇ ಕೇಳಿದರು. ಈ ಮಹಾರಾಯ ತನ್ನ ತಂಗಿಯ ಬೀದಿಯನ್ನೂ ಸೇರಿಸಿ ತನ್ನ ಬೆನ್ನು ತಾನೇ ತಟ್ಟಿಕೊಂಡ.

ತಂಗಿಯದು ಒಂದೇ ಕೋಣೆಯ ಮನೆ. ಮಹಡಿ ಕಟ್ಟುವ ಆಸೆಯಿಂದ ಮೆಟ್ಟಿಲು ಮೊದಲೇ ಕಟ್ಟಿಸಿದ್ದಳು. ಈಗ ಕೋಣೆಯಲ್ಲಿ ಮಗ, ಸೊಸೆ, ಎಳೆಗೂಸು. ಅವಳ ಹಾಸಿಗೆ ಅಡುಗೆಮನೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕ. ಅಣ್ಣನನ್ನು ಅವಳು ಒಂದು ಮಾತೂ ಅಂದವಳಲ್ಲ. ಬೈದುಬಿಟ್ಟಿದ್ದರೆ ಅವನ ಎದೆ ಎಷ್ಟೋ ಹಗುರಾಗುತ್ತಿತ್ತು. ಅಲ್ಲಿ ಟೀ ಕುಡಿಯುವಾಗ ಅವನು ಆ ಹಾಸಿಗೆಯ ಕಡೆ ನೋಡುವುದಿಲ್ಲ. ಆ ಬೀದಿಯನ್ನು ಬಿಟ್ಟುಬಿಡಿ ಎಂದು ಕಚೇರಿಗೂ ಹೋಗಿ ಕೇಳಿದ. “ನೀವೇ ಸೇರಿಸಿದ್ದಲ್ವಾ ಸಾರ್?” ಎಂದು ಕಳಿಸಿದರು.

ಮೊನ್ನೆ ತಂಗಿಯೇ ಕೇಳಿದಳು: “ಅಣ್ಣಾ, ಅಲ್ಲಿಂದ ಅಂಥದ್ದೇನು ಕಾಣುತ್ತೆ? ನಂಗೂ ಒಂದ್ಸಲ ತೋರ್ಸು.”

ಮಂಡಿ ಹಿಡಿದುಕೊಂಡೇ ದಿಬ್ಬ ಹತ್ತಿದಳು. ಕರ್ನಲ್ ಕೈಯೆತ್ತಿ ಶುರುಮಾಡಿದ. “ಅಗೋ, ಆ ಇಳಿಜಾರಲ್ಲಿ ಅವರ ಕುದುರೆಗಳು. ಇಲ್ಲಿ ನಮ್ಮೋರು...”

“ನಮ್ಮನೆ ಎಲ್ಲಿ?”

“ಆ ಗುಡ್ಡದ ಹಿಂದೆ.”

“ಪೂರ್ತಿ ಮರೇಲೇ ಇದ್ಯಲ್ಲಣ್ಣಾ! ಮೇಲೊಂದು ರೂಮು ಕಟ್ಟಿದ್ರೂ ಕಾಣ್ತಿರ್ಲಿಲ್ಲ. ಮತ್ಯಾಕೆ ಸೇರಿಸ್ದೆ?”

ಕರ್ನಲ್ ಎತ್ತಿದ ಕೈ ಇಳಿಸಿದ. “ತಂಗಿ ಮನೇನ ಮಾತ್ರ ಬಿಟ್ಟ ಅಂತ ಜನ ಆಡ್ಕೋಬಾರ್ದು ಅಂತ, ಪುಟ್ಟಿ. ತಪ್ಪಾಯ್ತು.”

ಅವಳು ಬೆವರು ಒರೆಸಿಕೊಂಡು ಕಲ್ಲಿನ ಮೇಲೆ ಕೂತಳು.

“ಆಯ್ತು, ಕಥೆ ಮುಗಿಸು. ಕೊನೆಗೆ ಗೆದ್ದೋರು ಯಾರು?”

ದಿನಾ ಹೇಳುವ ಮಾತು. ಕರ್ನಲ್ ಅವಳ ಪಕ್ಕ ಕೂತು, ಕೈಯೆತ್ತದೆಯೇ ಹೇಳಿದ: “ನಮ್ಮೋರೇ ಅಂತೀನಿ, ಪುಟ್ಟಿ.”