ನಮ್ಮ ಮಾರ್ಕರ್ ಗೆದ್ದ ಕಥೆ

ಮೊನ್ನೆ ಸೊಸೆ ನನ್ನ ಹಳೆಯ ಉಣ್ಣೆ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಬಿಸಿ ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮೂಡಿಗೆರೆ ಕಡೆಯ ನಮ್ಮ ಪ್ಲಾಂಟರ್ಸ್ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆ ಕಣ್ಣ ಮುಂದೆ ಬಂತು. ಥಂಡಿ ಹಿಡಿದ ಟೇಬಲ್ಲಿನ ಹಸಿರು ಬಟ್ಟೆಗೆ ನಮ್ಮ ಮಾರ್ಕರ್ ದಿನಾ ಮಧ್ಯಾಹ್ನ ಹೀಗೆಯೇ ಇಸ್ತ್ರಿ ಹಾಕುತ್ತಿದ್ದರು...

ಮಾರ್ಕರ್ ಅಂದರೆ ಟೇಬಲ್ ನೋಡಿಕೊಳ್ಳುವವರು, ಅಂಕ ಬರೆಯುವವರು, ಜೊತೆಗಾರ ಸಿಗದ ಮೆಂಬರಿನ ಎದುರು ಆಡಿ ಸೋಲುವವರು. ಮೆಂಬರನ್ನು ಸೋಲಿಸಬಾರದೆಂದು ಎಲ್ಲೂ ಬರೆದಿರಲಿಲ್ಲ. ಆದರೆ ಸೋಲಿಸಿದ್ದನ್ನು ಯಾರೂ ನೋಡಿರಲಿಲ್ಲ. ವರ್ಷಗಟ್ಟಲೆ ಅವರನ್ನು ಸೋಲಿಸಿ ಸೋಲಿಸಿ ನಾನು ಮಹಾ ಆಟಗಾರನೆಂದು ಬೀಗಿದ್ದೆ. ಸಾಲದ್ದಕ್ಕೆ ಕ್ಲಬ್ಬಿನ ಪಂದ್ಯದ ಕಪ್ ನಮ್ಮ ಮನೆಯ ಶೋಕೇಸಿನಲ್ಲೇ ಇತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಮಾರ್ಕರ್ ಕಮಿಟಿಯ ಮುಂದೆ ಅರ್ಜಿ ಹಿಡಿದು ನಿಂತರು. ಬಿಲಿಯರ್ಡ್ಸಿನದೇ ಜಾತಿಯ ಪೂಲ್ ಆಟಕ್ಕೆ ಬೆಂಗಳೂರಿನಲ್ಲಿ ಆಯ್ಕೆ ಪಂದ್ಯವಿತ್ತು. ಅಲ್ಲಿ ಗೆದ್ದವರು ಮನಿಲಾಕ್ಕೆ, ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ಪಿಗೆ. ಕ್ಲಬ್ಬಿನ ಶಿಫಾರಸು ಪತ್ರವಿಲ್ಲದೆ ಹೆಸರು ಸೇರಿಸುತ್ತಿರಲಿಲ್ಲ. ಪ್ರತಿ ವಾರದ ರಜೆಗೆ ಬಸ್ಸು ಹತ್ತಿ ಚಿಕ್ಕಮಗಳೂರಿನ ಪೂಲ್ ಪಾರ್ಲರಿನಲ್ಲಿ ಅವರು ಆಡುತ್ತಿದ್ದರಂತೆ. ನಮಗೆ ಸುಳಿವೇ ಇರಲಿಲ್ಲ.

ಅಧ್ಯಕ್ಷರು ಅರ್ಜಿ ಓದಿ ನಕ್ಕರು. "ಅಲ್ಲ ಮಾರಾಯ, ನಮ್ಮಲ್ಲಿ ಒಬ್ಬನ್ನಾದ್ರೂ ಸೋಲಿಸಿದ್ಯಾ ನೀನು? ಮನಿಲಾಕ್ಕೆ ಹೋಗಿ ಯಾರನ್ನ ಸೋಲಿಸ್ತೀಯ?"

ನಾನೂ ನಕ್ಕೆ, ಅದನ್ನು ಯಾಕೆ ಮುಚ್ಚಿಡಲಿ. ಮಾರ್ಕರ್ ತಲೆ ತಗ್ಗಿಸಿಯೇ ಹೇಳಿದರು: "ಅಪ್ಪಣೆ ಕೊಡಿ ಸಾರ್. ಇವತ್ತೇ ಸೋಲಿಸ್ತೀನಿ."

ಕಮಿಟಿಯವರು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡರು. ಕೊನೆಗೆ, ಕಪ್ ಗೆದ್ದ ನಾನೇ ಅವರೊಂದಿಗೆ ನಮ್ಮ ಟೇಬಲ್ಲಿನಲ್ಲಿ ಒಂದು ಆಟ ಸ್ನೂಕರ್ ಆಡಬೇಕು, ಅವರು ಗೆದ್ದರೆ ಪತ್ರ ಎಂದು ತೀರ್ಮಾನವಾಯಿತು. ನನಗೆ ಕರುಣೆ ಬೇರೆ. "ಹೆದರ್ಬೇಡ, ಸ್ವಲ್ಪ ನೋಡ್ಕೊಂಡು ಆಡ್ತೀನಿ" ಎಂದೆ.

ಮೊದಲ ಹೊಡೆತ ಹೊಡೆದು ಕುರ್ಚಿಯಲ್ಲಿ ಕೂತೆ. ಮತ್ತೆ ಏಳುವ ಪ್ರಮೇಯವೇ ಬರಲಿಲ್ಲ. ಒಂದೊಂದೇ ಚೆಂಡು ಪಾಕೆಟ್ ಸೇರುತ್ತಿತ್ತು. ಬಿಳಿ ಚೆಂಡು ಮುಂದಿನ ಹೊಡೆತಕ್ಕೆ ಬೇಕಾದ ಜಾಗದಲ್ಲೇ ಬಂದು ನಿಲ್ಲುತ್ತಿತ್ತು. ಅಂಕ ಬರೆಯಬೇಕಾದವರೇ ಆಡುತ್ತಿದ್ದುದರಿಂದ ಅಧ್ಯಕ್ಷರು ಬೋರ್ಡಿನ ಪಕ್ಕ ನಿಂತು ಅಂಕ ಬರೆದರು. ಆಮೇಲೆ ಪತ್ರಕ್ಕೆ ಸಹಿ ಹಾಕಿದರು.

ಮಾರ್ಕರ್ ಬೆಂಗಳೂರಿನಲ್ಲಿ ಗೆದ್ದರು. ಮನಿಲಾದಲ್ಲಿ, ಅಲ್ಲಿಯವನೇ ಆದ ಎದುರಾಳಿಗಾಗಿ ಇಡೀ ಸಭಾಂಗಣ ಕೂಗುತ್ತಿದ್ದಾಗ ತಣ್ಣಗೆ ಆಡಿ ಕಂಚು ತಂದರು. ಎರಡು ವರ್ಷ ಬಿಟ್ಟು ಬ್ಯಾಂಕಾಕಿನಲ್ಲಿ ಚಿನ್ನ. ಆ ಸಲ ಅವರೂರು ಕಳಸದಿಂದ ನೆಂಟರು ಮೂರು ಜೀಪು ತುಂಬಿಕೊಂಡು ಬಂದರು. ಕೆಲಸದವರು ಹಿತ್ತಿಲ ಬಾಗಿಲಿಂದ ಬರಬೇಕಾದ ಕ್ಲಬ್ಬಿಗೆ ಅಧ್ಯಕ್ಷರೇ ಕೈ ಹಿಡಿದು ಮಾರ್ಕರನ್ನು ಮುಂಬಾಗಿಲಿಂದ ಕರೆತಂದರು. ನಾನು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ಹೊಡೆದೆ. ನನ್ನನ್ನು ಸೋಲಿಸಿದವರಲ್ಲವೇ, ಹೆಮ್ಮೆಯಲ್ಲಿ ನನಗೂ ಪಾಲಿತ್ತು.

ಜನ ಕರಗಿದ ಮೇಲೆ ಒಂದು ಆಟಕ್ಕೆ ಕರೆದೆ. "ಹ್ಯಾಗೆ ಆಡ್ಲಿ ಸಾರ್?" ಎಂದು ಕೇಳಿದರು.

"ಬ್ಯಾಂಕಾಕಲ್ಲಿ ಆಡ್ದಂಗೆ ಆಡಿ ಮಾರಾಯ್ರೆ."

ಅವರು ಆ ಮಾತು ಉಳಿಸಿಕೊಂಡರು. ದೋಹಾ, ತೈಪೆ ಎಂದು ಎಲ್ಲೇ ಆಡಿ ಬಂದರೂ ವಾರಕ್ಕೊಮ್ಮೆ ನನ್ನನ್ನು ಸೋಲಿಸುತ್ತಿದ್ದರು. ವಯಸ್ಸಾಗಿ ತಮ್ಮ ಗುರಿ ತಪ್ಪತೊಡಗಿದ ಮೇಲೂ ನನಗೆ ಒಂದು ಆಟವನ್ನೂ ಬಿಟ್ಟುಕೊಡಲಿಲ್ಲ. ಒಂದೆರಡು ಸಲ ತೀರಾ ಹತ್ತಿರ ಬಂದಿದ್ದೆ... ಅಷ್ಟು ಸೋತ ಆ ಸಂಜೆಗಳ ಸುಖ ಕಪ್ ಗೆದ್ದಾಗ ಸಿಕ್ಕಿರಲಿಲ್ಲ.

ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ನನಗೀಗ ಎಪ್ಪತ್ತೆಂಟು. ಕ್ಲಬ್ಬಿನ ಹೊಸ ಮಾರ್ಕರ್ ತುಂಬಾ ಮರ್ಯಾದಸ್ಥ. ಕಳೆದ ಶನಿವಾರ ಇಬ್ಬರೂ ಆಡಿದೆವು. ನಾನೇ ಗೆದ್ದೆ. ಮನೆಗೆ ಬಂದವನು ಅವತ್ತು ಊಟ ಬೇಡವೆಂದು ಮಲಗಿಬಿಟ್ಟೆ.