ಬಂಗಾರಕ್ಕಿಂತ ತುಟ್ಟಿ, ಸೈಲೆನ್ಸರಿನ ಪುಡಿ

ಬೆಳಗಿನ ಐದೂವರೆ. ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾ ಊರು ದಾಟಿ ಹೈದರಾಬಾದಿನ ಕಡೆಗೆ ಹೋಗುವ ಹೆದ್ದಾರಿಯ ಎಡಕ್ಕೆ, ಪಂಕ್ಚರ್ ಅಂಗಡಿಗೂ ಚಹಾದ ಗೂಡಂಗಡಿಗೂ ನಡುವೆ, ಬಿಳಿ ವ್ಯಾನೊಂದು ಹಿಂಬದಿಯ ಗಾಲಿಗಳನ್ನು ಕಟ್ಟಿಗೆಯ ದಿಮ್ಮಿಗಳ ಮೇಲೆ ಏರಿಸಿಕೊಂಡು ನಿಂತಿದೆ. ಅದರ ಅಡಿಯಿಂದ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತವೆ. ಕಚ್ಚೆ ಬಿಗಿದ ಹಸಿರು ಸೀರೆ, ಹಿಮ್ಮಡಿ ಸವೆದ ಗಂಡಸರ ಬೂಟು. ಒಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿದೆ. ಒಂದು ಏಟು, ಒಂದು ಬಿಡುವು, ಮತ್ತೊಂದು ಏಟು.

“ಏಳು... ಮೂರು... ಸೊನ್ನಿ...” ಏಟಿಗೊಂದು ಅಂಕಿಯನ್ನು ಬಾಯಲ್ಲಿ ಹೇಳುತ್ತ ಸುಗಂಧಾ ವ್ಯಾನಿನ ನಂಬರನ್ನು ಅದರ ಸೈಲೆನ್ಸರಿನ ಮೇಲೆ ಅಚ್ಚೊತ್ತುತ್ತಿದ್ದಾರೆ. ಯೆಣೆಗೂರಿನಿಂದ ಬಂದ ಚಾಲಕ ಚಹಾದ ಲೋಟ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಾನೆ. ಏಳು ಗಂಟೆಗೆ ಅವನು ಶಾಲೆಯ ಮಕ್ಕಳನ್ನು ಹತ್ತಿಸಿಕೊಳ್ಳಬೇಕು. “ಅಕ್ಕಾ, ಆತೇನ್ರಿ?” ಎಂದು ಬಗ್ಗಿ ಕೇಳುತ್ತಾನೆ. “ಅಂಕಿ ಆತು. ಇನ್ನ ಪಂಜರ ಕೂಡಸೂದದ. ನೀ ಹಿಂದ ಸರಿ, ಕಿಡಿ ಬೀಳ್ತಾವ,” ಎಂಬ ಉತ್ತರ ವ್ಯಾನಿನ ಅಡಿಯಿಂದಲೇ ಬರುತ್ತದೆ. ಮರುಕ್ಷಣ ನೀಲಿ ಬೆಳಕು ಚಿಮ್ಮುತ್ತದೆ.

ನಲವತ್ತು ನಿಮಿಷದ ಕೆಲಸ. ಆರು ಎಂ.ಎಂ. ಕಬ್ಬಿಣದ ಸಳಿ ಬಗ್ಗಿಸಿ ಸೈಲೆನ್ಸರಿನ ಸುತ್ತ ಪಂಜರ ಕಟ್ಟಿ, ಅದನ್ನು ಗಾಡಿಯ ಅಡಿಚೌಕಟ್ಟಿಗೆ ಬೆಸೆಯುವುದು. ಪಂಜರವಿದ್ದರೆ ಕಳ್ಳನಿಗೆ ಕತ್ತರಿಸಲು ಹೊತ್ತು ಹಿಡಿಯುತ್ತದೆ. ಅಂಕಿಯಿದ್ದರೆ ಕದ್ದದ್ದನ್ನು ಮಾರುವುದು ಕಷ್ಟವಾಗುತ್ತದೆ. ಏಳು ಗಂಟೆಯೊಳಗೆ ಬಂದವರಿಗೆ ಸುಗಂಧಾ ಕಬ್ಬಿಣದ ದರವನ್ನಷ್ಟೇ ಹೇಳುತ್ತಾರೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಗಾಡಿ. ಎರಡು ವರ್ಷದಲ್ಲಿ ಆರುನೂರು ದಾಟಿದೆ. ಆಮೇಲೆ ಅವರ ಹೊಟ್ಟೆಪಾಡಿನ ಕೆಲಸ ಶುರು: ಒಡೆದ ಸೈಲೆನ್ಸರು, ಮುರಿದ ಗೇಟು, ಟ್ರಾಕ್ಟರಿನ ಟ್ರಾಲಿ.

ಸೈಲೆನ್ಸರಿನಲ್ಲಿ ಕದಿಯುವಂಥದ್ದೇನಿದೆ ಎಂದು ಮೊದಲ ಸಲ ಕೇಳುವವರಿಗೆ ಅನ್ನಿಸುವುದು ಸಹಜ. ಹೊಗೆ ಹೊರಗೆ ಬೀಳುವ ಮೊದಲು ಹಾಯುವ ಒಂದು ಉಬ್ಬಿದ ಡಬ್ಬಿ ಅಲ್ಲಿರುತ್ತದೆ. ಅದರೊಳಗೆ ಜೇನುಹುಟ್ಟಿನಂಥ ತೂತುಗಳಿರುವ ಪಿಂಗಾಣಿಯ ಗಟ್ಟಿ. ಆ ತೂತುಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಲೋಹಗಳು ಕಣ್ಣಿಗೆ ಕಾಣದಷ್ಟು ತೆಳ್ಳಗೆ ಹತ್ತಿಕೊಂಡಿರುತ್ತವೆ. ಎಂಜಿನ್ನಿನ ಹೊಗೆ ಅವುಗಳನ್ನು ಸವರಿಕೊಂಡು ಹೋಗುವಾಗ ಅದರ ವಿಷ ಮುರಿಯುತ್ತದೆ. ಲೋಹ ಮಾತ್ರ ತೀರುವುದಿಲ್ಲ. ವರ್ಷಗಟ್ಟಲೆ ಓಡಿದ ಗಾಡಿಯಲ್ಲೂ ಅದು ಅಲ್ಲೇ ಕುಳಿತಿರುತ್ತದೆ. ಆ ಗಟ್ಟಿಯನ್ನು ಒಡೆದರೆ ಸಿಗುವ ಬೂದುಬಣ್ಣದ ಪುಡಿಗೆ ಗುಜರಿಯವರ ಬಾಯಲ್ಲಿ ‘ಮಿಟ್ಟಿ’ ಎಂದೇ ಹೆಸರು.

ಆ ಮಿಟ್ಟಿ ಇಷ್ಟು ತುಟ್ಟಿ ಯಾಕೆ ಎಂದು ಸುಗಂಧಾಗೆ ತಿಳಿಸಿಕೊಟ್ಟವರು ಊರಿನ ಜೂನಿಯರ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ವಿದ್ಯಾವತಿ. ತಮ್ಮ ಕಾರಿಗೆ ಪಂಜರ ಕಟ್ಟಿಸಲು ಬಂದವರು ಬೆಂಚಿನ ಮೇಲೆ ಕುಳಿತು ಹೇಳಿದ್ದು: “ಬಂಗಾರಕ್ಕ ಬಂಗಾರದ್ದೇ ಖಣಿ ಇರ್ತದ್ರಿ. ರೋಡಿಯಮ್ಮಿಗೆ ತನ್ನದು ಅನ್ನೂದು ಒಂದೂ ಖಣಿ ಇಲ್ಲ. ಪ್ಲಾಟಿನಂ ತೆಗಿಯೂ ಮುಂದ ಅದರ ಜೋಡಿ ಚೂರುಪಾರು ಬರ್ತದ, ಅಷ್ಟೇ. ರೇಟ್ ಏರ್ತು ಅಂತ ಹೆಚ್ಚಿಗಿ ತೆಗಿಲಿಕ್ಕ ಬರಂಗಿಲ್ಲ.” ಒಂದು ಟನ್ ಕಲ್ಲು ಅರೆದರೆ ಈ ಜಾತಿಯ ಲೋಹಗಳೆಲ್ಲ ಸೇರಿ ಕೆಲವೇ ಗ್ರಾಂ. ಜಗತ್ತಿನ ಗಣಿಗಳಿಂದ ವರ್ಷಕ್ಕೆ ಮೂರು ಸಾವಿರ ಟನ್ನಿಗೂ ಮಿಕ್ಕಿ ಬಂಗಾರ ಬರುತ್ತದೆ. ರೋಡಿಯಂ ಬರುವುದು ಮೂವತ್ತು ಟನ್ನಿನ ಆಸುಪಾಸು, ಅದರಲ್ಲೂ ಬಹುಪಾಲು ದಕ್ಷಿಣ ಆಫ್ರಿಕಾ ಒಂದರಿಂದಲೇ. ಹೊಗೆಯ ಕಾನೂನು ಬಿಗಿಯಾದಂತೆ ಎಲ್ಲ ದೇಶದ ಗಾಡಿಗಳಿಗೂ ಅದೇ ಬೇಕು. ಕೆಲವು ವರ್ಷಗಳ ಹಿಂದೆ ಅದರ ಬೆಲೆ ಬಂಗಾರದ ಹತ್ತುಪಟ್ಟನ್ನೂ ಮೀರಿತ್ತು.

ಆ ವರ್ಷಗಳನ್ನು ಸುಗಂಧಾ ಮನೆಯೊಳಗೇ ಕಂಡವರು. ಆಳಂದ ತಾಲೂಕಿನ ಹಳ್ಳಿಯಿಂದ ಹತ್ತೊಂಬತ್ತನೆಯ ವಯಸ್ಸಿಗೆ ಉಮರ್ಗಾಕ್ಕೆ ಸೊಸೆಯಾಗಿ ಬಂದರು. ಈಗ ನಲವತ್ತಮೂರು. ಗಂಡ ಉಮಾಕಾಂತರದು ಸೈಲೆನ್ಸರ್ ರಿಪೇರಿಯ ಇದೇ ಅಂಗಡಿ. ಬೆಲೆ ಏರತೊಡಗಿದಾಗ ಹೊರಗಿನ ವ್ಯಾಪಾರಿಯೊಬ್ಬ ಹಳೆಯ ಸೈಲೆನ್ಸರುಗಳನ್ನು ಚೀಲಗಟ್ಟಲೆ ತಂದಿಳಿಸಿದ. ಡಬ್ಬಿ ಸೀಳಿ, ಗಟ್ಟಿ ಒಡೆದು, ಮಿಟ್ಟಿ ತೂಗಿ ಕೊಡಬೇಕು. ದಿನಕ್ಕೆ ಇಪ್ಪತ್ತು. ಗಾಳಿಗೆ ಪುಡಿ ಹಾರಿ ಹೋಗಬಾರದೆಂದು ಕೋಣೆಯ ಕಿಟಕಿ ಮುಚ್ಚಿ, ಫ್ಯಾನು ಬಂದ್ ಮಾಡಿ ಉಮಾಕಾಂತ ಒಡೆದರು. ಬಾಯಿಗೆ ಒಂದು ವಸ್ತ್ರವನ್ನೂ ಕಟ್ಟಿಕೊಳ್ಳಲಿಲ್ಲ. ಮೂರು ವರ್ಷ ಹಾಗೇ ನಡೆಯಿತು.

“ಸಂಜೀಕ ಆ ವ್ಯಾಪಾರಿ ಬಂದು ಇವರ ಅಂಗಿ ಬಿಚ್ಚಿಸಿ, ಕಾಗದದ ಮ್ಯಾಲ ಝಾಡಿಸಿ, ಬಿದ್ದ ಪುಡಿನೂ ತಗೊಂಡು ಹೋಗ್ತಿದ್ದ್ರಿ,” ಎನ್ನುತ್ತಾರೆ ಸುಗಂಧಾ. “ಎದಿಯೊಳಗ ಹೋಗಿದ್ದು ಮಾತ್ರ ಯಾರೂ ಕೇಳ್ಲಿಲ್ಲ.”

ಮೊದಲು ಕೆಮ್ಮು ಬಂತು. ಆಮೇಲೆ ನಾಲ್ಕು ಹೆಜ್ಜೆಗೆ ಏದುಸಿರು. ಲಾತೂರಿನ ಡಾಕ್ಟರು ಎಕ್ಸರೇ ಹಿಡಿದು ತೋರಿಸಿ, ಪುಪ್ಪುಸ ಕಲ್ಲಿನಂತೆ ಬಿಗಿದಿದೆ, ಇದು ಹಿಂದಕ್ಕೆ ಬರುವಂಥದ್ದಲ್ಲ ಎಂದರು. ಆ ವಾರವೇ ಸುಗಂಧಾ ವ್ಯಾಪಾರಿಯ ಚೀಲಗಳನ್ನು ರಸ್ತೆಗೆ ಎಳೆದು ಹಾಕಿದರು. ಮರುವಾರ ಗಂಡನನ್ನು ಬೆಂಚಿನ ಮೇಲೆ ಕೂರಿಸಿ, ಅವರು ಹೇಳಿದ ಹಾಗೆ ಬೆಸುಗೆಯ ಟಾರ್ಚ್ ಹಿಡಿದರು. ಮೊದಲ ತಿಂಗಳು ಬೆಸುಗೆ ಬಿಟ್ಟುಕೊಂಡು ಗಿರಾಕಿಗಳು ಬೈದುಕೊಂಡು ವಾಪಸಾದರು. ಹೆಂಗಸು ಗಾಡಿಯ ಅಡಿಗೆ ಮಲಗುವುದನ್ನು ನೋಡಲು ಬಸ್ಸಿನವರು ವೇಗ ತಗ್ಗಿಸಿದರು. “ನೋಡ್ಲಿ ಬಿಡ್ರಿ. ನೋಡಿ ನೋಡಿ ಅವರಿಗೇ ಬ್ಯಾಸರ ಆತು.” ಈಗ ಉಮಾಕಾಂತ ಬೆಂಚಿನ ಮೇಲೆ ಕುಳಿತೇ ಎಂಜಿನ್ನಿನ ಸದ್ದು ಕೇಳಿ ಪೈಪು ಎಲ್ಲಿ ಒಡೆದಿದೆ ಎಂದು ಹೇಳುತ್ತಾರೆ. ಉಳಿದದ್ದು ಹೆಂಡತಿಯ ಕೈಕೆಲಸ.

ಹೀಗಿರುವಾಗ ಎರಡು ವರ್ಷದ ಹಿಂದಿನ ಕಾರ್ತೀಕದಲ್ಲಿ ಒಂದು ಮಧ್ಯಾಹ್ನ ಇಬ್ಬರು ಗಂಡಸರು ಮೋಟಾರ್‌ಸೈಕಲ್ ಮೇಲೆ ಗೋಣಿಚೀಲ ಇಟ್ಟುಕೊಂಡು ಬಂದರು. ಚೀಲದಲ್ಲಿ ವ್ಯಾನಿನ ಸೈಲೆನ್ಸರು. ಇದರ ಹೊಟ್ಟೆ ಸೀಳಿ ಗಟ್ಟಿ ತೆಗೆದು ಕೊಡು, ಕೇಳಿದಷ್ಟು ಕೊಡುತ್ತೇವೆ ಎಂದರು. ಸುಗಂಧಾ ಅದನ್ನು ತಿರುಗಿಸಿ ನೋಡಿದರು. ಹಿಡಿಕೆಯ ಬುಡದಲ್ಲಿ ಬೆಸುಗೆಯ ಒಂದು ಗೆರೆ, ಅದರ ಕೆಳಗೆ ಕಾಣದಂತೆ ಮುಚ್ಚಿಹೋದ ಟ್ರಾಕ್ಟರಿನ ದಪ್ಪ ವಾಷರು. ಮೂರು ತಿಂಗಳ ಹಿಂದೆ ಸರಿಯಾದ ಪಟ್ಟಿ ಸಿಗದೆ ಆ ವಾಷರನ್ನು ಹಾಕಿ ಬೆಸೆದವರು ಅವರೇ.

ಅದು ಅಮೋಘಸಿದ್ಧನ ವ್ಯಾನಿನದು. ನಿಲಂಗಾ ಬಳಿಯ ಹಳ್ಳಿಯವನಾದ ಅಮೋಘಸಿದ್ಧ ವಾರಕ್ಕೆ ಎರಡು ಸಲ ನಾಲ್ಕು ಮಂದಿ ಕಿಡ್ನಿ ರೋಗಿಗಳನ್ನು ಡಯಾಲಿಸಿಸ್ಸಿಗೆ ಉದಗೀರಕ್ಕೆ ಕರೆದೊಯ್ಯುತ್ತಾನೆ. ಸೈಲೆನ್ಸರು ಕೂಡಿಸಿಕೊಂಡು ಹೋಗುವ ದಿನ ಅವನ ಜೊತೆ ಶೇವಂತಾಬಾಯಿ ಎಂಬ ಮುದುಕಿಯೂ ಇದ್ದಳು. ಸುಗಂಧಾ ಅವಳಿಗೆ ಇದೇ ಅಂಗಡಿಯಲ್ಲಿ ಚಹಾ ಕೊಡಲು ಹೋದಾಗ, “ನಂಗ ನೀರ ಅಳತಿ ಅದ ತಾಯಿ, ಅರ್ಧ ಕಪ್ ಸಾಕು,” ಎಂದಿದ್ದಳು.

“ಅಕಿ ಮಾರಿ ಕಣ್ಣಮುಂದ ಬಂತ್ರಿ. ಇವತ್ತ ಶುಕ್ರವಾರ, ಇವತ್ತ ಅಕಿ ಪಾಳಿ. ಗಾಡಿ ಎಲ್ಲಿ ನಿಂತಿರಬೇಕು ಅಂದ್ಕೊಂಡೆ.”

ಕೂಗಿದರೆ ಇಬ್ಬರೂ ಚೀಲ ಎತ್ತಿಕೊಂಡು ಹೋಗುತ್ತಾರೆ. ಗಂಡನಿಗೆ ನಾಲ್ಕು ಹೆಜ್ಜೆ ಓಡುವ ಶಕ್ತಿಯಿಲ್ಲ. ಸುಗಂಧಾ ಸೈಲೆನ್ಸರನ್ನು ಕಬ್ಬಿಣದ ಮೇಜಿನ ಮೇಲಿಟ್ಟು ಟಾರ್ಚ್ ಹಚ್ಚಿದರು. ಸೀಳುವ ಬದಲು ಪೈಪಿನ ಉದ್ದಕ್ಕೂ ಉರಿ ಆಡಿಸಿದರು. ಹಿಂದೆ ಮುಂದೆ, ಮೇಲೆ ಕೆಳಗೆ. ಕಬ್ಬಿಣ ಕಪ್ಪಿನಿಂದ ನೀಲಿಗೆ, ನೀಲಿಯಿಂದ ಕೆಂಪಿಗೆ ತಿರುಗಿತು. ಅಷ್ಟರಲ್ಲಿ ಉಮಾಕಾಂತ ಬೆಂಚಿನಲ್ಲೇ ಮುಖ ಆಚೆ ತಿರುಗಿಸಿ ಅಮೋಘಸಿದ್ಧನಿಗೆ ಫೋನು ಹಚ್ಚಿದ್ದರು. ನಿಲಂಗಾ ಬಸ್‌ಸ್ಟ್ಯಾಂಡಿನ ಹಿಂದೆ ಬೆಳಗಿನ ಜಾವ ಸೈಲೆನ್ಸರು ಕಳವಾಗಿದೆ, ಗಾಡಿಯೊಳಗೆ ಹೊಗೆ ತುಂಬುತ್ತಿದೆ, ರೋಗಿಗಳನ್ನು ಇಳಿಸಿ ನಿಂತಿದ್ದೇನೆ ಎಂದು ಅವನು ಅತ್ತ ಕಡೆಯಿಂದ ಹೇಳಿದ.

ಬಂದವರಲ್ಲಿ ಒಬ್ಬನಿಗೆ ಅನುಮಾನ ಹತ್ತಿತು. “ಸೀಳೂ ಅಂದ್ರ ಕಾಸ್ಲಿಕ್ಕತ್ತೀಯಲ್ಲ?” ಎಂದು ಗದರಿದ. ಸುಗಂಧಾ ಉರಿ ಇಳಿಸದೆ, “ಇದು ಅಮೋಘಸಿದ್ಧಂದು. ನಾನೇ ಹಾಕಿದ ಬೆಸುಗಿ ಇದು. ಈಗ ಎತ್ತಿ ನೋಡ್ರಿ, ಒಯ್ಯಲಿಕ್ಕ ಬರ್ತದೇನು,” ಎಂದರು. ಅವನು ಗೋಣಿಚೀಲ ಸುತ್ತಿ ಎತ್ತಲು ಹೋದ. ಚೀಲ ಭುಗಿಲ್ಲೆಂದು ಹೊತ್ತಿ ಅಂಗೈ ಸುಟ್ಟಿತು. ಇನ್ನೊಬ್ಬ ಗ್ಯಾಸಿನ ಪೈಪು ಜಗ್ಗಿ ಸುಗಂಧಾರನ್ನು ನೂಕಿದ. ಅವರ ಮೊಣಕೈ ಮೇಜಿನ ಅಂಚಿಗೆ ಬಡಿದು ಮುರಿಯಿತು. ಅವರು ಬಿದ್ದಲ್ಲಿಂದಲೇ ಮೊದಲು ಹುಡುಕಿದ್ದು ಸಿಲಿಂಡರಿನ ವಾಲ್ವನ್ನು. ಗದ್ದಲ ಕೇಳಿ ಪಂಕ್ಚರ್ ಅಂಗಡಿಯವರು ನಟ್ಟು ಬಿಚ್ಚುವ ಪಾನಾ ಹಿಡಿದು ಓಡಿ ಬರುವಷ್ಟರಲ್ಲಿ ಒಬ್ಬ ಹೊಲ ಬಿದ್ದು ಓಡಿದ್ದ. ಕೈ ಸುಟ್ಟವನು ಸಿಕ್ಕಿಬಿದ್ದ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪೊಲೀಸರು ಬಂದು ಮೊದಲು ಕರೆದೊಯ್ದದ್ದು ಸಿಕ್ಕಿಬಿದ್ದವನ ಜೊತೆ ಉಮಾಕಾಂತರನ್ನೂ. ಹಿಂದೆ ದಿನಕ್ಕೆ ಇಪ್ಪತ್ತು ಗಟ್ಟಿ ಒಡೆಯುತ್ತಿದ್ದ ಅಂಗಡಿ ಇದು ಎಂಬುದು ಊರಿಗೆಲ್ಲ ಗೊತ್ತಿತ್ತು. ಎರಡು ದಿನ ಕೂರಿಸಿ ಕೇಳಿ ಬಿಟ್ಟರು. ಆ ಎರಡು ದಿನವೂ ಸುಗಂಧಾ, ಕಟ್ಟು ಹಾಕಿದ ಕೈಯಲ್ಲಿ ಗಂಡನ ಇನ್‌ಹೇಲರ್ ಹಿಡಿದು ಠಾಣೆಯ ಹೊರಗೆ ಕುಳಿತಿದ್ದರು.

ಅದರ ಬಗ್ಗೆ ಕೇಳಿದರೆ ಅವರು ಯಾರನ್ನೂ ದೂರುವುದಿಲ್ಲ. ಹೇಳುವುದು ಇಷ್ಟೇ: “ಅವರ ಸಂಶೇ ಸುಳ್ಳಲ್ರಿ. ಮೂರು ವರ್ಷ ನಮ್ಮ ಮನ್ಯಾಗ ಅಷ್ಟೆಲ್ಲಾ ಒಡಿದ್ವಿ. ಯಾವುದು ಗುಜರಿದು, ಯಾವುದು ಕಳವಿಂದು, ಒಂದಿನಾನೂ ಕೇಳ್ಲಿಲ್ಲ. ಎಷ್ಟ ಮಂದಿ ಶೇವಂತಾಬಾಯಿಗೋಳು ರಸ್ತಾದಾಗ ನಿಂತಿದ್ರೋ ನಂಗೇನು ಗೊತ್ತು?”

ಆ ಶುಕ್ರವಾರ ಶೇವಂತಾಬಾಯಿಗೆ ಉದಗೀರ ಮುಟ್ಟಲಾಗಲಿಲ್ಲ. ಮರುದಿನ ಕಾಲು, ಮುಖ ಊದಿಕೊಂಡು ಉಸಿರು ಕಟ್ಟಿದಾಗ ಅವಳನ್ನು ಟೆಂಪೋದಲ್ಲಿ ಮಲಗಿಸಿ ಒಯ್ದರು. ಬದುಕಿಕೊಂಡಳು. ಕಳವಿನ ಸೈಲೆನ್ಸರು ಸಾಕ್ಷಿಯ ವಸ್ತುವಾಗಿ ಠಾಣೆ ಸೇರಿತು. ಹೊಸದನ್ನು ಕೊಳ್ಳುವ ತಾಕತ್ತು ಅಮೋಘಸಿದ್ಧನಿಗಿರಲಿಲ್ಲ. ಸುಗಂಧಾರ ಅಟ್ಟದ ಮೇಲೆ ಅಪಘಾತದ ವ್ಯಾನಿನಿಂದ ಕಾಗದಪತ್ರ ಸಮೇತ ಕೊಂಡ ಒಂದು ಸೈಲೆನ್ಸರಿತ್ತು. ಉಮಾಕಾಂತರ ಔಷಧಿಗೆ ಒದಗಲಿ ಎಂದು ಎತ್ತಿಟ್ಟದ್ದು. ಅದನ್ನು ಇಳಿಸಿಕೊಡು ಎಂದವರು ಉಮಾಕಾಂತರೇ. ಒಂದು ಕೈಗೆ ಕಟ್ಟಿತ್ತು. ಇನ್ನೊಂದು ಕೈಯಲ್ಲಿ ಸುಗಂಧಾ ಟಾರ್ಚ್ ಹಿಡಿದರೆ, ಪೈಪನ್ನು ಅಮೋಘಸಿದ್ಧ ಆನಿಸಿ ಹಿಡಿದ. ಮುಂದಿನ ಮಂಗಳವಾರ ಗಾಡಿ ಉದಗೀರದ ರಸ್ತೆಯಲ್ಲಿತ್ತು. ಆ ಗಾಡಿಗೇ ಅವರು ಮೊದಲ ಪಂಜರ ಕಟ್ಟಿದ್ದು, ಮೊದಲ ಅಂಕಿ ಬಡಿದದ್ದು.

ಮೊಣಕೈ ಈಗಲೂ ಪೂರ್ತಿ ಚಾಚುವುದಿಲ್ಲ. ಗಾಡಿಯ ಅಡಿಗೆ ಮಲಗಿದಾಗ ಚಳಿಗೆ ಬೆನ್ನು ಹಿಡಿಯುತ್ತದೆ. ಕೊರಳ ಹತ್ತಿರ ಕಿಡಿ ಬಿದ್ದ ಗುರುತುಗಳು ಎಣಿಸಲಾರದಷ್ಟು. “ಇಲ್ಲೊಂದು ತಗ್ಗು ಕಡಿಸಿ ಸಿಮೆಂಟ್ ಮಾಡ್ಸಿದ್ರ, ಅದ್ರಾಗ ಇಳದು ನಿಂತೇ ಕೆಲಸ ಮಾಡಬಹುದಿತ್ತು,” ಎನ್ನುತ್ತಾರೆ. ಬಾಡಿಗೆಯ ಜಾಗದಲ್ಲಿ ಗುಂಡಿ ತೋಡಲು ಮಾಲೀಕರು ಇನ್ನೂ ಒಪ್ಪಿಲ್ಲ.

ಕಳವಿನ ಮೊಕದ್ದಮೆ ಈ ವರ್ಷ ನಿಲಂಗಾದ ಕೋರ್ಟಿನಲ್ಲಿ ವಿಚಾರಣೆಗೆ ಬಂತು. ಸುಗಂಧಾ ಬೆಳಗಿನ ಬಸ್ಸಿಗೆ ಹೊರಟು ಸಾಕ್ಷಿ ಹೇಳಲು ಹೋದರು. ಆರೋಪಿಯ ಪರ ವಕೀಲರು ಮರಾಠಿಯಲ್ಲಿ ಕೇಳಿದರು: ಊರಿನಲ್ಲಿ ಇಪ್ಪತ್ತು ಜನ ವೆಲ್ಡಿಂಗ್ ಮಾಡುತ್ತಾರೆ, ಬೆಸುಗೆ ಎಲ್ಲ ಒಂದೇ ಥರ ಇರುತ್ತದೆ, ಇದು ನಿಮ್ಮದೇ ಎಂದು ಹೇಗೆ ಹೇಳುತ್ತೀರಿ? ಸುಗಂಧಾ ಮರಾಠಿಯಲ್ಲೇ ಉತ್ತರ ಕೊಟ್ಟರು. ನಾನು ಎಡದಿಂದ ಬಲಕ್ಕೆ ಎಳೆಯುತ್ತೇನೆ, ಕೊನೆಯಲ್ಲಿ ರಾಡನ್ನು ಒಂದು ಸಲ ಹಿಂದಕ್ಕೆ ಹೊರಳಿಸುತ್ತೇನೆ, ಅಲ್ಲಿ ಸಣ್ಣ ಗಂಟು ಬೀಳುತ್ತದೆ. ಬೆಸುಗೆ ಕಡಿದು ನೋಡಿ, ಕೆಳಗೆ ಟ್ರಾಕ್ಟರಿನ ವಾಷರು ಇರದಿದ್ದರೆ ನನ್ನ ಮಾತು ಸುಳ್ಳು. ಸೈಲೆನ್ಸರನ್ನು ತರಿಸಿದರು. ಗಂಟಿತ್ತು. ಕಡಿಸಿದರೆ ಕೆಳಗೆ ವಾಷರೂ ಇತ್ತು.

ತೀರ್ಪು ಇನ್ನೂ ಬಂದಿಲ್ಲ. ಓಡಿಹೋದವನು ಸಿಕ್ಕಿಲ್ಲ.

ಸಾಕ್ಷಿ ಮುಗಿದ ಮೇಲೆ ಹೇಳಿಕೆಯ ಹಾಳೆಯನ್ನು ಸಹಿಗೆ ಮುಂದಿಟ್ಟರು. ಸುಗಂಧಾ ಏಳನೆಯ ಇಯತ್ತೆಯವರೆಗೆ ಕಲಿತವರು. ಅಕ್ಷರ ಅಕ್ಷರ ಕೂಡಿಸಿ ಓದಿದರು. ಹೆಸರು, ಗಂಡನ ಹೆಸರು, ವಯಸ್ಸು, ಊರು. ಅದರ ಮುಂದೆ ಉದ್ಯೋಗ ಎಂದಿದ್ದಲ್ಲಿ ಮೊದಲೇ ಟೈಪಾಗಿತ್ತು: ಮನೆಗೆಲಸ. ಅವರು ಪೆನ್ನು ಕೆಳಗಿಟ್ಟರು. ಏನಾಯಿತೆಂದು ಕೇಳಿದವರಿಗೆ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು.

“ಇದು ತಪ್ಪದ ಸಾಹೇಬ್ರ,” ಎಂದರು. “ವೆಲ್ಡರ್ ಅಂತ ಬರೀರಿ. ಆಮ್ಯಾಲ ಸಹಿ ಮಾಡ್ತೀನಿ.”