ಡ್ರಮ್ಮಿನ ಹೆಪ್ಪು

ಹನಗೋಡಿನ ಪುಟ್ಟತಾಯಮ್ಮನ ಹಿತ್ತಲಲ್ಲಿ ನೀಲಿ ಡ್ರಮ್ಮಿಗೆ ಜಲ್ಲಿ, ಮರಳು ತುಂಬಿ ಹೊಳೆ ನೀರು ಸೋಸುವ ಫಿಲ್ಟರ್ ಕಟ್ಟಿಕೊಟ್ಟಿದ್ದೆ. ಮರಳಿನ ಮೇಲೆ ನಿಧಾನಕ್ಕೆ ತೆಳ್ಳನೆಯ ಲೋಳೆ ಕಟ್ಟಬೇಕು. ನೀರಿನ ಕ್ರಿಮಿಗಳನ್ನು ತಿನ್ನುವುದೇ ಅದು. ಕೆಲವು ವಾರ ಬಿಟ್ಟು ನೋಡಲು ಹೋದರೆ, ಮರಳೆಲ್ಲ ಅಂಗಳದಲ್ಲಿ ಗೋಣಿಚೀಲದ ಮೇಲೆ ರಾಗಿಯ ಹಾಗೆ ಒಣಗುತ್ತಿತ್ತು!

“ಗೌರಿ ಅಬ್ಬ ಅಲ್ವೇನಪ್ಪ, ಪಾತ್ರೆಪಗಡ ಎಲ್ಲಾ ಬೆಳಗ್ದೆ. ನಿನ್ ಡ್ರಮ್ಮೂ ಲೋಳೆ ಕಟ್ಕೊಂಡು ಗಲೀಜಾಗಿತ್ತು, ತಿಕ್ಕಿ ತೊಳ್ದ್‌ಬುಟ್ಟೆ,” ಎಂದರು ಹೆಮ್ಮೆಯಿಂದ.

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. “ಅಮ್ಮಾ, ಆ ಲೋಳೆ ಮೊಸರಿನ ಹೆಪ್ಪಿದ್ದ ಹಾಗೆ. ಹೆಪ್ಪನ್ನ ಯಾರಾದ್ರೂ ತೊಳೀತಾರಾ?”

“ಅಯ್ಯೋ, ಅಂಗಂತ ಮೊದ್ಲೇ ಯೋಳ್ಬಾರ್ದಾ!” ಎಂದು ನನ್ನನ್ನೇ ಬೈದರು.

ಮರಳನ್ನು ಮತ್ತೆ ತುಂಬಿಕೊಟ್ಟು ಬಂದೆ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಹೋದಾಗ ಲೋಳೆ ಚೆನ್ನಾಗಿ ಕಟ್ಟಿತ್ತು. ಅಷ್ಟರಲ್ಲಿ, ಹೊಸದಾಗಿ ಡ್ರಮ್ ಇಟ್ಟುಕೊಂಡಿದ್ದ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಬಂದಳು. “ಅಕ್ಕಾ, ನಮ್ ಮರಳ್ಗೂ ಒಂಚೂರು ಹೆಪ್ಪು ಕೊಡಕ್ಕ.”

ಎಂಥ ಉಪಾಯ! ನನಗೇ ಹೊಳೆದಿರಲಿಲ್ಲ. ಖುಷಿಯಲ್ಲಿ ನಾನೇ ಚಮಚ ತಂದು ಡ್ರಮ್ಮಿನ ಮುಚ್ಚಳ ತೆಗೆದೆ.

ಪುಟ್ಟತಾಯಮ್ಮ ಅಡ್ಡ ಬಂದರು. “ದೀಪ ಅಚ್ಚಾಯ್ತು ಕಣವ್ವ. ಈಗ ಹೆಪ್ಪು ಕೊಡಕ್ಕಿಲ್ಲ, ಬೆಳಗ್ಗೆ ಬಾ.”

ಹೆಪ್ಪು ಅಂದವನು ನಾನೇ ತಾನೇ? ಚಮಚ ಕೆಳಗಿಟ್ಟು ಮುಚ್ಚಳ ಮುಚ್ಚಿದೆ.